ದಾರಿ ಕೇಳಿದ ಮಾರ್ಗದರ್ಶಿ

ನಮ್ಮ ಊರಿನ ವಸ್ತುಸಂಗ್ರಹಾಲಯದಲ್ಲಿ ಒಟ್ಟು ನಲವತ್ತೊಂದು ವಸ್ತುಗಳಿವೆ. ಅದರ ಪಾಲಕನಾದ ಅಬ್ದಿಯಾಸನನ್ನು ನಲವತ್ತೆರಡನೆಯದಾಗಿ ಎಣಿಸಬೇಕು ಎಂದು ಅವನ ಅತ್ತೆ ಲುದೊವಿನಾ ಹೇಳುತ್ತಿದ್ದಳು. ಅದು ಅತ್ತೆಯ ಮಾತು. ನಾನು ಹಾಗೆ ಹೇಳಲಾರೆ. ಅವನ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು ನಾನು. ಅಂದಿನಿಂದ ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಂಪಾದ್ರೆ. ದೇವರ ಮುಂದೆ ಕಟ್ಟಿದ ನಂಟು ಅದು. ಒಮ್ಮೊಮ್ಮೆ ಬಿಚ್ಚಿಕೊಳ್ಳೋಣ ಎನ್ನಿಸಿದರೂ ಬಿಚ್ಚಲು ಬರುವುದಿಲ್ಲ.

ಪುವೆರ್ತೊ ರೆಮೆದಿಯೊದ ಆ ಸಂಗ್ರಹಾಲಯಕ್ಕೆ ಎರಡೇ ಕೋಣೆ. ಮೊದಲನೆಯದರಲ್ಲಿ ರಬ್ಬರ್ ವ್ಯಾಪಾರದ ಕಾಲದ ರಬ್ಬರ್ ಉಂಡೆಗಳು, ಮಣ್ಣಿನ ಗಡಿಗೆಗಳು, ಹುಳು ತಿಂದ ಹೆಬ್ಬಾವಿನ ಚರ್ಮ. ಎರಡನೆಯದರಲ್ಲಿ ಹುಲ್ಲು ತುಂಬಿದ ಒಂದು ಜಾಗ್ವಾರ್. ಅದರ ಒಂದು ಕಣ್ಣು ಗಾಜಿನದು, ಇನ್ನೊಂದು ಅಂಗಿಯ ಗುಂಡಿ. ಕಟ್ಟಡದ ಹಿಂದೆ ಪಾಲಕನಿಗೆಂದು ಕೊಟ್ಟ ಪುಟ್ಟ ಮನೆ; ಮನೆಯ ಹಿಂದೆ ಕಾಡು. ಆ ಕಾಡು ಎಲ್ಲಿ ಮುಗಿಯುತ್ತದೆಂದು ನಮ್ಮಲ್ಲಿ ಯಾರೂ ನೋಡಿದವರಿಲ್ಲ.

ಅಬ್ದಿಯಾಸ್ ದರ್ಜಿಯ ಮಗ. ಹುಟ್ಟಿದ್ದು ದೋಣಿಕಟ್ಟೆಯ ಪಕ್ಕದಲ್ಲಿ. ಐವತ್ತು ವರ್ಷದಲ್ಲಿ ಕಾಡಿನ ಕಡೆಗೆ ಅವನು ಮಾಡಿದ ಅತಿ ದೂರದ ಪ್ರಯಾಣ ಹಿತ್ತಲಿನ ಕಕ್ಕಸಿನವರೆಗೆ. ಆದರೆ ಪ್ರವಾಸಿಗರ ದೋಣಿ ಬಂದು ನಾಲ್ಕು ಮಂದಿ ಟೋಪಿಯವರು ಜಾಗ್ವಾರಿನ ಮುಂದೆ ನಿಂತರೆ ಸಾಕು, ಅವನ ದನಿಯೇ ಬದಲಾಗುತ್ತಿತ್ತು.

"ಏಳು ತಿಂಗಳು ಕಾಡಲ್ಲಿ ಒಬ್ಬನೇ ಇದ್ದೆ ಸ್ವಾಮಿ. ಇದರ ತಾಯಿ ನನ್ನ ಪಕ್ಕದಲ್ಲೇ ಮಲಗ್ತಿತ್ತು. ಚಳಿಗಾಲದಲ್ಲಿ ಬೆನ್ನು ಬೆಚ್ಚಗಿರೋದು."

ನಮ್ಮಲ್ಲಿ ಚಳಿಗಾಲವೇ ಇಲ್ಲ. ಪ್ರವಾಸಿಗರಿಗೆ ಅದು ತಿಳಿಯದು. ಅವರಿಗೆ ಹೇಳಿ ಹೇಳಿ ರೂಢಿಯಾದ ಮೇಲೆ ಅವನು ಊರವರಿಗೂ ಹೇಳತೊಡಗಿದ. ಕಣ್ಣು ಮುಚ್ಚಿ ಬಿಟ್ಟರೂ ದಿಕ್ಕು ತಪ್ಪುವುದಿಲ್ಲವಂತೆ. ಮರದ ತೊಗಟೆ ನೆಕ್ಕಿ ಊರು ಎಷ್ಟು ದೂರವೆಂದು ಹೇಳುವನಂತೆ. ಹನ್ನೊಂದು ವರ್ಷ ಇದನ್ನೇ ಕೇಳಿ ಊರೂ ನಂಬಿತು. ಸುಳ್ಳೆಂದು ಹೇಳಲು ಯಾರಿಗೂ ಕಾರಣವಿರಲಿಲ್ಲ. ಇಲ್ಲಿ ಅವರವರು ಅವರವರ ಕಾಲುದಾರಿಯಲ್ಲಿ ತಂತಮ್ಮ ಮರಗೆಣಸಿನ ತೋಟಕ್ಕೆ ಹೋಗುತ್ತಾರೆ; ಇನ್ನೊಬ್ಬನ ದಾರಿ ನೋಡಲು ಯಾರಿಗೂ ಪುರುಸೊತ್ತಿಲ್ಲ.

ಹೀಗಿರುವಾಗ ಇಕಿತೋಸ್ ಪಟ್ಟಣದಿಂದ ಸರ್ಕಾರದ ಒಂದು ಕಾಗದ ಬಂತು. ಊರಿನ ಆಡಳಿತ ನೋಡಿಕೊಳ್ಳುವ ತೆನಿಯೆಂತೆ ತೆಲೆಸ್ಫೊರೊ ಅದನ್ನು ಚೌಕದಲ್ಲಿ ನಿಂತು ಓದಿದ. ಅವನ ಬಳಿ ಒಂದು ರಬ್ಬರ್ ಮೊಹರು ಇದೆ. ಓದಿದ ಪ್ರತಿ ಕಾಗದಕ್ಕೂ, ಅದು ಯಾರ ಕಾಗದವೇ ಆಗಿರಲಿ, ಅವನು ಒಮ್ಮೆ ಒತ್ತಿಬಿಡುತ್ತಾನೆ.

ಕಾಗದದ ಸಾರಾಂಶ ಇಷ್ಟು. ಬರೀ ಕೋಣೆಗಳಿದ್ದರೆ ಸಾಲದು, ಸಂಗ್ರಹಾಲಯಕ್ಕೆ ಹೊಂದಿಕೊಂಡು ಕಾಡಿನೊಳಗೆ ಒಂದು ನಡಿಗೆದಾರಿಯೂ ಇರಬೇಕು. ಕಾಡು ಬಲ್ಲ ಮಾರ್ಗದರ್ಶಿ ಬೇಕು. ದೊಕ್ತೋರಾ ಒದಿಲಾ ವೇಲಾ ಎಂಬ ಅಧಿಕಾರಿ ಬಂದು ಸ್ವತಃ ನಡೆದು ನೋಡುತ್ತಾರೆ. ಅವರಿಗೆ ಸರಿಕಾಣದಿದ್ದರೆ ನಲವತ್ತೊಂದೂ ವಸ್ತುಗಳನ್ನು ಇಕಿತೋಸಿಗೆ ಸಾಗಿಸಿ ಬಾಗಿಲು ಹಾಕಲಾಗುವುದು. ಪಾಲಕನ ಹುದ್ದೆಯೂ ಹೋಗುತ್ತದೆ, ಮನೆಯೂ ಹೋಗುತ್ತದೆ.

"ಈಗ ಮಾರ್ಗದರ್ಶಿ ಯಾರು?" ಎಂದ ತೆಲೆಸ್ಫೊರೊ. "ದೋನ್ಯಾ ಲುದೊವಿನಾನ ಕೇಳೋಣವಾ? ಆಕೆ ದಿನಾ ಆ ಕಡೆಗೇ ಹೋಗ್ತಾಳಲ್ಲ?"

ಅಬ್ದಿಯಾಸ್ ನಕ್ಕ. ಆ ನಗೆಗೆ ಮುಂದೆ ಅವನು ತೆತ್ತ ಬೆಲೆಯನ್ನು ನೆನೆದರೆ ನನಗೆ ಈಗಲೂ ಮರುಕವಾಗುತ್ತದೆ.

"ನಮ್ಮತ್ತೆನಾ? ಆಕೆ ಮರಗೆಣಸು ಕೀಳೋಕೆ ಹೋಗೋಳು. ನಾನಿರುವಾಗ ಇನ್ನೊಬ್ಬರು ಯಾಕ್ರೀ? ಕಾಡು ನನ್ನ ಅಂಗೈ."

ಲುದೊವಿನಾ ಅಲ್ಲೇ ಇದ್ದಳು. ಬಾಯಿಂದ ಚುಟ್ಟಾ ತೆಗೆದು ಅಳಿಯನನ್ನೊಮ್ಮೆ ನೋಡಿ, ಮತ್ತೆ ಬಾಯಿಗಿಟ್ಟುಕೊಂಡಳು.

ಮರುದಿನ ಅಬ್ದಿಯಾಸ್ ಹತ್ತು ಫಲಕಗಳಿಗೆ ಬಣ್ಣ ಬಳಿದು ಮರಗಳ ಹೆಸರು ಬರೆದ. ಐದು ಫಲಕ ಹೊಡೆಯುವಷ್ಟರಲ್ಲಿ ಮನೆಯ ಸೂರು ಕಣ್ಣಿಗೆ ಮರೆಯಾಯಿತು. ಅಲ್ಲಿಗೆ ಅವನ ಧೈರ್ಯವೂ ಮುಗಿಯಿತು. ಉಳಿದ ಐದನ್ನು ಕೋಣೆಯ ಮೂಲೆಯಲ್ಲಿಟ್ಟ. ಯಾವ ಹೆಸರು ಯಾವ ಮರಕ್ಕೆಂಬ ಚಿಂತೆಯನ್ನೂ ಅವನು ಹಚ್ಚಿಕೊಳ್ಳಲಿಲ್ಲ. ಮೊಳೆ ಸುಲಭವಾಗಿ ಇಳಿದ ಮರಕ್ಕೆ ಕೈಗೆ ಸಿಕ್ಕಿದ ಹೆಸರು. ಐದನೆಯ ಫಲಕದ ಬಳಿ ನಿಂತು "ಮುಂದೆ ಇರುವೆ ಗೂಡಿದೆ, ಹಿಂದಿರುಗೋಣ" ಎನ್ನುವುದು ಅವನ ಯೋಜನೆ. ಯೋಜನೆಯಲ್ಲಿ ದೋಷವಿರಲಿಲ್ಲ. ಆದರೆ ಇಕಿತೋಸಿಗೆ ತುಂಬಿ ಕಳಿಸಿದ ಅರ್ಜಿಯಲ್ಲಿ ಅವನೇ ಬರೆದಿದ್ದ: "ಇಪ್ಪತ್ತು ನಿಮಿಷದ ನಡಿಗೆಯಲ್ಲಿ, ಆರು ಮಂದಿ ಕೈಹಿಡಿದರೂ ತಬ್ಬಲಾಗದ ಲುಪೂನಾ ಮರ."

ದೊಕ್ತೋರಾ ಬೆಳಿಗ್ಗೆ ಎಂಟರ ದೋಣಿಯಲ್ಲಿ ಬಂದರು. ಸಣ್ಣ ಆಳು, ದೊಡ್ಡ ಪುಸ್ತಕ. ಕೋಣೆಗಳನ್ನು ನೋಡಿದರು, ಜಾಗ್ವಾರಿನ ಗುಂಡಿಯ ಕಣ್ಣನ್ನು ಬಹಳ ಹೊತ್ತು ನೋಡಿದರು. ಆಮೇಲೆ ಇಬ್ಬರೂ ಎಲೆಯಲ್ಲಿ ಕಟ್ಟಿದ ಹುವಾನೆ ಅನ್ನದ ಪೊಟ್ಟಣ ಒಂದೊಂದನ್ನು ಚೀಲಕ್ಕೆ ಹಾಕಿಕೊಂಡು ಕಾಡಿಗೆ ಹೊರಟರು. ಒಳಗೆ ನಡೆದದ್ದನ್ನು ಅಬ್ದಿಯಾಸ್ ಆಮೇಲೆ ನನಗೆ ಹೇಳಿದ. ದೊಕ್ತೋರಾ ಅದನ್ನು ಎರಡು ಕಡೆ ತಿದ್ದಿದರು. ತಿದ್ದಿದ ಪ್ರಕಾರವೇ ಬರೆಯುತ್ತಿದ್ದೇನೆ.

ಐದನೆಯ ಫಲಕದ ಬಳಿ ಅವನು ಇರುವೆ ಗೂಡಿನ ಮಾತೆತ್ತಿದ.

"ಎಲ್ಲಿ? ನೋಡೋಣ," ಎಂದು ದೊಕ್ತೋರಾ ಅವನನ್ನು ದಾಟಿ ನಡೆದೇಬಿಟ್ಟರು.

ಅಧಿಕಾರಿಯೇ ಮುಂದೆ ಹೋದ ಮೇಲೆ ಮಾರ್ಗದರ್ಶಿ ಹಿಂದೆ ಹೋಗಲೇಬೇಕು. ಸ್ವಲ್ಪ ದೂರದಲ್ಲಿ ಹಳ್ಳ ಬಂತು. ದೊಕ್ತೋರಾ ಅಡ್ಡ ಬಿದ್ದ ಮರದ ಮೇಲೆ ನಡೆದು ದಾಟಿದರು. ಅಬ್ದಿಯಾಸ್ ಪಕ್ಕದ ಕೆಸರಿನಲ್ಲಿ ಕಾಲಿಟ್ಟ. ಕೆಸರು ಬಲಗಾಲಿನ ಬೂಟನ್ನು ಇಟ್ಟುಕೊಂಡು ಕಾಲನ್ನಷ್ಟೇ ಬಿಟ್ಟುಕೊಟ್ಟಿತು.

ಬೇರೆ ಯಾವ ಮನುಷ್ಯನಾದರೂ "ಬೂಟು ಹೋಯ್ತು" ಎನ್ನುತ್ತಿದ್ದ. ಅಬ್ದಿಯಾಸ್ ಹೇಳಿದ: "ಕಾಡು ಬಲ್ಲೋರು ಒಂದು ಕಾಲು ಯಾವಾಗ್ಲೂ ಬರಿದಾಗೇ ಇಟ್ಕೋತೀವಿ ದೊಕ್ತೋರಾ. ನೆಲ ಏನು ಹೇಳುತ್ತೆ ಅಂತ ತಿಳೀಬೇಕಲ್ಲ."

ದೊಕ್ತೋರಾ ಇದನ್ನು ಪುಸ್ತಕದಲ್ಲಿ ಬರೆದುಕೊಂಡರು. ನೆಲ ಅವನಿಗೆ ಮುಳ್ಳಿನ ಮೂಲಕವೂ ಕೆಂಪಿರುವೆಯ ಮೂಲಕವೂ ಹೇಳಬೇಕಾದದ್ದನ್ನೆಲ್ಲ ಹೇಳಿತು. ಅಷ್ಟರಲ್ಲಿ ಕಾಲುದಾರಿ ಮೂರಾಗಿ ಒಡೆಯಿತು.

"ಲುಪೂನಾಕ್ಕೆ ಯಾವುದು?" ಎಂದರು ದೊಕ್ತೋರಾ.

"ನೀವು ಈ ದಿಮ್ಮಿ ಮೇಲೆ ಕೂತ್ಕೊಳ್ಳಿ. ದಾರಿ ಚೊಕ್ಕವಾಗಿದೆಯಾ ನೋಡಿ ಬರ್ತೀನಿ. ಹಾವು ಗೀವು ಇದ್ರೆ ಮಾತಾಡಿ ಕಳಿಸ್ಬೇಕು."

ಹೀಗೆ ಹೋದವನು ಮೂರು ತಿರುವು ತಿರುಗಿದ. ನಾಲ್ಕನೆಯದರಲ್ಲಿ ದಿಮ್ಮಿಯೂ ಇಲ್ಲ, ದೊಕ್ತೋರಾ ಅವರೂ ಇಲ್ಲ, ದಿಕ್ಕೂ ಇಲ್ಲ. ಒಂದು ಪಾಳುಬಿದ್ದ ತೋಟದ ಗೂಟಕ್ಕೆ ಯಾರೋ ಬಿಟ್ಟುಹೋದ ರಬ್ಬರ್ ಬೂಟು ತಲೆಕೆಳಗಾಗಿ ನೇತಾಡುತ್ತಿತ್ತು. ಎಡಗಾಲಿನದು, ಅವನ ಕಾಲಿಗಿಂತ ಒಂದು ಗೇಣು ದೊಡ್ಡದು. ಅದನ್ನೇ ಬಲಗಾಲಿಗೆ ಹಾಕಿಕೊಂಡ. ಎಡಗಾಲು ನೇರವಾಗಿ ನಡೆದರೆ ಬಲಗಾಲು ಬೇರೆ ಊರಿಗೆ ಹೊರಟಂತೆ ಹೊರಕ್ಕೆ ತಿರುಗಿತ್ತು. ಹೀಗೆ ಕುಂಟುತ್ತ, ಬೆವರುತ್ತ, ಮನಸ್ಸಿನಲ್ಲೇ ಎಲ್ಲ ಸಂತರನ್ನೂ ಒಬ್ಬೊಬ್ಬರಾಗಿ ಕರೆಯುತ್ತ ಅವನು ಪೊದೆ ಸೀಳಿ ಹೊರಬಿದ್ದದ್ದು ಒಂದು ಮರಗೆಣಸಿನ ತೋಟಕ್ಕೆ. ಅಲ್ಲಿ ಅತ್ತೆ ಲುದೊವಿನಾ ಮೂವರು ಹೆಂಗಸರ ಜೊತೆ ಗೆಣಸು ಕೀಳುತ್ತಿದ್ದಳು.

ಅವನಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅತ್ತೆಯ ಮುಖ ನೋಡಿ ಅವನು ಹಿಗ್ಗಿದ್ದು ಅದೇ ಮೊದಲು.

"ಅತ್ತೇ! ಸಂಗ್ರಹಾಲಯಕ್ಕೆ ಯಾವ ಕಡೆ ಹೋಗ್ಬೇಕು?"

ಲುದೊವಿನಾ ತಲೆಯೆತ್ತಿದಳು. ಮುಖ ನೋಡಿದಳು: ಅಳಿಯನೇ. ದನಿ ಕೇಳಿದಳು: ಅಳಿಯನದೇ. ಕಾಲು ನೋಡಿದಳು.

"ಯಾರೂ ಅಲುಗಾಡ್ಬೇಡ್ರೇ," ಎಂದಳು ಮೆಲ್ಲಗೆ. "ಇದು ಚುಯಾಚಾಕಿ."

ಚುಯಾಚಾಕಿ ನಮ್ಮ ಕಾಡಿನ ಹಳೆಯ ನಿವಾಸಿ. ನಿಮ್ಮ ಅಣ್ಣನ ರೂಪವನ್ನೋ ಗೆಳೆಯನ ರೂಪವನ್ನೋ ತಾಳಿ ಎದುರು ಬರುತ್ತದೆ. ನಯವಾಗಿ ಮಾತಾಡಿಸಿ ಕಾಡಿನ ಒಳಕ್ಕೆ, ಇನ್ನೂ ಒಳಕ್ಕೆ ಕರೆದೊಯ್ದು ಬಿಟ್ಟುಬಿಡುತ್ತದೆ. ಎಲ್ಲವನ್ನೂ ಅನುಕರಿಸಬಲ್ಲದು, ಕಾಲುಗಳನ್ನು ಮಾತ್ರ ಅಲ್ಲ. ಅದರ ಒಂದು ಕಾಲು ಯಾವಾಗಲೂ ಬೇರೆ. ಆದ್ದರಿಂದಲೇ ಕಾಡಿನಲ್ಲಿ ಯಾರು ಎದುರಾದರೂ ನಾವು ಮೊದಲು ನೋಡುವುದು ಮುಖವನ್ನಲ್ಲ.

"ಅತ್ತೇ, ನಾನು! ಅಬ್ದಿಯಾಸ್!"

"ನಮ್ಮ ಅಬ್ದಿಯಾಸ್ ಕಾಡಲ್ಲಿ ದಾರಿ ಕೇಳೋನಲ್ಲ ಕಣೋ! ಕಣ್ಣು ಮುಚ್ಚಿ ಬಿಟ್ರೂ ಮನೆಗೆ ಬರ್ತೀನಿ ಅನ್ನೋನು. ಹನ್ನೊಂದು ವರ್ಷದಿಂದ ಅದನ್ನೇ ಕೇಳಿ ನನ್ನ ಕಿವಿ ತೂತಾಗಿದೆ."

"ಅದೇ ಮತ್ತೆ!" ಎಂದಳು ಇನ್ನೊಬ್ಬಳು. "ತೊಗಟೆ ನೆಕ್ಕಿ ನೋಡು ಅನ್ನು, ಲುದೊವಿನಾ. ನಿಜವಾದವನಾದ್ರೆ ಹೇಳ್ತಾನೆ."

ಅಬ್ದಿಯಾಸ್ ಗತ್ಯಂತರವಿಲ್ಲದೆ ಹತ್ತಿರದ ಮರವೊಂದನ್ನು ನೆಕ್ಕಿದ. ಅದು ತುಟಿ ಊದಿಸುವ ಜಾತಿಯ ಮರ. ಆಮೇಲೆ ಅವನು ಆಡಿದ ಮಾತು ಮನುಷ್ಯರ ಮಾತಿನಂತೆ ಇರಲಿಲ್ಲ. ಅಲ್ಲಿಗೆ ನಾಲ್ವರಿಗೂ ಸಂಶಯ ಉಳಿಯಲಿಲ್ಲ.

ಹೆಂಗಸರು ಪಿಶಾಚಿಯನ್ನು ಓಡಿಸುವ ಮಪಾಚೊ ಚುಟ್ಟಾ ಹೊತ್ತಿಸಿ ನಾಲ್ಕೂ ಕಡೆಯಿಂದ ಅವನ ಮೇಲೆ ಹೊಗೆ ಊದಿದರು. ಅವನು ಕೆಮ್ಮಿದ. ಕೆಮ್ಮಿದ್ದೂ ಸಾಕ್ಷಿಯಾಯಿತು. ಊರಿಗೆ ಒಯ್ಯುವುದೆಂದು ತೀರ್ಮಾನವಾದ ಮೇಲೆ ಒಂದು ಕಷ್ಟ ಎದುರಾಯಿತು. ಅದನ್ನು ಮುಂದೆ ಬಿಟ್ಟರೆ ತಾವು ಅದರ ಹಿಂದೆ ಹೋದಂತಾಗುತ್ತದೆ. ಅದರ ಹಿಂದೆ ಹೋದವರು ತಿರುಗಿ ಬಂದದ್ದಿಲ್ಲ. ಹಿಂದೆ ಬಿಟ್ಟರೆ ಬೆನ್ನು ತೋರಿಸಿದಂತೆ. ಕೊನೆಗೆ ಇಬ್ಬರು ಮುಂದೆ, ಇಬ್ಬರು ಹಿಂದೆ, ನಡುವೆ ಅಬ್ದಿಯಾಸ್, ಎಲ್ಲರ ಮೇಲೆ ಹೊಗೆ. ಹೀಗೆ ಮೆರವಣಿಗೆ ಹೊರಟಿತು. ಏನೇ ಆಗಲಿ, ಅಷ್ಟು ನೇರವಾಗಿ ಅವನನ್ನು ಊರು ಮುಟ್ಟಿಸಲು ಬೇರೆ ಯಾರಿಂದಲೂ ಆಗುತ್ತಿರಲಿಲ್ಲ.

ನಾನು ಆಗ ಪ್ರಾರ್ಥನಾಲಯದಲ್ಲಿದ್ದೆ. ಪಾದ್ರಿಗಳು ವರ್ಷಕ್ಕೆ ಎರಡು ಬಾರಿ ದೋಣಿಯಲ್ಲಿ ಬರುತ್ತಾರೆ. ಉಳಿದ ದಿನಗಳಲ್ಲಿ ಪ್ರಾರ್ಥನೆ ನಡೆಸುವವನು ನಾನು. ನನ್ನ ಹೆಂಡತಿ ಅಮಾಲಿಯಾ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಅವಳಿಗಾಗಿ ದಿನವೂ ಹೇಳುವ ಜಪಮಾಲೆಯ ನಾಲ್ಕನೆಯ ಹತ್ತಿನಲ್ಲಿದ್ದಾಗ ಹೊರಗೆ ಗಂಟೆ ಬಡಿಯಿತು, ಪವಿತ್ರ ಜಲ ತರುವಂತೆ ಕೂಗಿದರು. ಹೋಗಿ ನೋಡಿದರೆ ಸಂಗ್ರಹಾಲಯದ ಅಂಗಳದಲ್ಲಿ ನನ್ನ ಕೊಂಪಾದ್ರೆ ತುಟಿ ಊದಿಸಿಕೊಂಡು, ಕಾಲು ಸೊಟ್ಟಗೆ ಮಾಡಿಕೊಂಡು ನಿಂತಿದ್ದಾನೆ. ನಗು ಬಂದದ್ದನ್ನು ಒಪ್ಪಿಕೊಳ್ಳುತ್ತೇನೆ. ಒಂಬತ್ತು ತಿಂಗಳ ಮೇಲೆ ಬಂದ ನಗು. ಯಾರ ಕಡೆ ತಿರುಗಿ ನಗಬೇಕೆಂದು ಒಂದು ಕ್ಷಣ ತಿಳಿಯಲಿಲ್ಲ.

"ಇವನು ಅಬ್ದಿಯಾಸನೇ ಕಣ್ರಯ್ಯಾ," ಎಂದೆ.

"ನೀವು ಒಳ್ಳೇವ್ರು ದೋನ್ ಫಾಬ್ರಿಸಿಯಾನೊ," ಎಂದಳು ಲುದೊವಿನಾ. "ಒಳ್ಳೇವ್ರಿಗೇ ಅದು ಮೊದಲು ಮೋಸ ಮಾಡೋದು."

"ವಿಶ್ವಾಸ ಪ್ರಮಾಣದ ಪ್ರಾರ್ಥನೆ ಹೇಳಿಸಿ, ಗೊತ್ತಾಗುತ್ತೆ," ಎಂದ ತೆಲೆಸ್ಫೊರೊ.

ಅಬ್ದಿಯಾಸ್ ಹೇಳಿದ. ಪೊಂತಿಯಸ್ ಪಿಲಾತನವರೆಗೆ ಸರಿಯಾಗಿ ಹೋಗಿ, ಅಲ್ಲಿ ಪ್ರಭುವನ್ನು ಬಿಟ್ಟು ಪಿಲಾತನನ್ನೇ ಶಿಲುಬೆಗೇರಿಸಿ ಹೂಳಿಬಿಟ್ಟ. ನಲವತ್ತು ವರ್ಷದಿಂದ ಪ್ರತಿ ಭಾನುವಾರ ಅವನು ಅಲ್ಲೇ ಎಡವುತ್ತಾನೆ.

"ನೋಡಿದಿರಾ? ಇದಕ್ಕಿಂತ ಗುರುತು ಬೇಕಾ?" ಎಂದೆ.

"ಪಿಶಾಚಿಗೂ ಸರಿಯಾಗಿ ಬರಲ್ವಲ್ಲ?" ಎಂದಳು ಲುದೊವಿನಾ. ಅವಳು ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು. "ನಾನು ಕೇಳ್ತೀನಿ. ಏಯ್, ನನ್ನ ಮಗಳನ್ನ ಮದುವೆ ಆದದ್ದು ಯಾವತ್ತು?"

"ಆಗಸ್ಟ್ ಹದಿನಾಲ್ಕು! ಶನಿವಾರ! ಬೆಳಿಗ್ಗೆ ಹತ್ತಕ್ಕೆ!"

ಅಂಗಳದಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಇಪ್ಪತ್ತೆರಡು ವರ್ಷದಲ್ಲಿ ಅಬ್ದಿಯಾಸ್ ಆ ದಿನವನ್ನು ಒಮ್ಮೆಯೂ ನೆನಪಿಟ್ಟದ್ದಿಲ್ಲ. ಹೆಂಡತಿ ಸೊಯ್ಲಾ ಪ್ರತಿವರ್ಷ ಆ ದಿನ ಪಾತ್ರೆಗಳನ್ನು ಬಡಿಯುವ ಸದ್ದಿನಿಂದಲೇ ಊರಿಗೆ ತಾರೀಖು ತಿಳಿಯುತ್ತಿತ್ತು. ಇಕಿತೋಸಿನ ಅರ್ಜಿ ತುಂಬುವಾಗ ವಿವಾಹ ಪತ್ರ ನೋಡಿ ನಕಲು ಮಾಡಿದ್ದರಿಂದ ಆ ವಾರ ಅವನಿಗೆ ಅದು ಬಾಯಿಗೆ ಬಂದಿತ್ತು. ಆದರೆ ಅದನ್ನು ಯಾರು ಕೇಳುತ್ತಾರೆ?

"ಮುಗೀತು," ಎಂದ ತೆಲೆಸ್ಫೊರೊ. "ನಿಜವಾದ ಅಬ್ದಿಯಾಸ್ ಇನ್ನೂ ಕಾಡಲ್ಲೇ ಇದಾನೆ. ಪಾಪ, ದೊಕ್ತೋರಾ ಅವರ ಗತಿ ಏನೋ! ಗಂಡಸರೆಲ್ಲಾ ಮಚ್ಚು ತಗೊಂಡು ಹೊರಡಿ!"

ಅವರು ಹೋಗಿ ಅರ್ಧ ಗಂಟೆಯಲ್ಲಿ ದೊಕ್ತೋರಾ ಅವರನ್ನು ಕರೆತಂದರು. ದಿಮ್ಮಿಯ ಮೇಲೆ ಕೂತಿದ್ದರಂತೆ. ತಮ್ಮ ಹುವಾನೆ ಮುಗಿಸಿ, ಅಬ್ದಿಯಾಸ್ ಬಿಟ್ಟುಹೋಗಿದ್ದ ಚೀಲದಿಂದ ಅವನದನ್ನೂ ತೆಗೆದು ಅರ್ಧ ತಿಂದಿದ್ದರಂತೆ. ದಾರಿಯಲ್ಲೇ ಅವರಿಗೆ ಎಲ್ಲವನ್ನೂ ಹೇಳಿದ್ದರು. ಓದಿದ ಹೆಂಗಸು, ನಗುತ್ತಾರೆಂದುಕೊಂಡೆ. ಅವರು ಅಂಗಳಕ್ಕೆ ಬಂದು ಮೊದಲು ಅವನ ಕಾಲು ನೋಡಿದರು. ಕಾಡಿನ ಕಡೆಯ ಅಜ್ಜಿ ಎಲ್ಲರಿಗೂ ಒಬ್ಬಳು ಇದ್ದೇ ಇರುತ್ತಾಳೆ.

"ನನಗೂ ಅನುಮಾನ ಬಂದಿತ್ತು," ಎಂದರು. "ಕಪಿರೋನಾ ಮರ ತೋರಿಸಿ ಮಹಾಗನಿ ಅಂದ್ರು. ಹನ್ನೊಂದು ವರ್ಷದ ಪಾಲಕ ಹಾಗನ್ನೋಕೆ ಸಾಧ್ಯವಾ?"

ನಾನು ಪವಿತ್ರ ಜಲ ಚಿಮುಕಿಸುವ ನೆಪದಲ್ಲಿ ಕೊಂಪಾದ್ರೆಯ ಹತ್ತಿರ ಹೋದೆ.

"ನಿನಗೆ ಕಾಡು ಗೊತ್ತಿಲ್ಲ ಅಂತ ಹೇಳಿಬಿಡಯ್ಯಾ. ನಿನ್ನ ಜಂಬವೇ ನಿನ್ನ ಮೇಲೆ ಸಾಕ್ಷಿ ಹೇಳ್ತಾ ಇದೆ."

"ಹೇಳಿದ್ರೆ ಈಯಮ್ಮ ಬಾಗಿಲು ಹಾಕ್ತಾರೆ ಕೊಂಪಾದ್ರೆ," ಎಂದ ಊದಿದ ತುಟಿಯಲ್ಲಿ. "ಕೆಲಸ ಹೋಗುತ್ತೆ, ಮನೆ ಹೋಗುತ್ತೆ. ಸೊಯ್ಲಾನ ಎಲ್ಲಿ ಇಟ್ಕೊಳ್ಳಲಿ?"

"ಹೇಳದೇ ಇದ್ರೆ ನೀನೇ ಹೋಗ್ತೀಯಲ್ಲೋ. ಅವರು ನಿನ್ನನ್ನ ವಾಪಸ್ ಕಾಡಿಗೆ ಬಿಟ್ಟುಬರೋ ಮಾತಾಡ್ತಿದಾರೆ."

ಕಾಡು ಎಂಬ ಮಾತು ಕೇಳಿ ಅವನು ಅಲ್ಲೇ ನೆಲದ ಮೇಲೆ ಕೂತ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ:

"ನನಗೆ ಕಾಡು ಗೊತ್ತಿಲ್ಲ. ಐದನೇ ಫಲಕದ ಆಚೆ ಯಾವತ್ತೂ ಹೋಗಿಲ್ಲ. ಫಲಕಾನ ಮೊಳೆ ಇಳಿಯೋ ಮರ ನೋಡಿ ಹೊಡೆದೆ. ಜಾಗ್ವಾರ್ ತಾಯಿ, ಏಳು ತಿಂಗಳು, ಎಲ್ಲಾ ಸುಳ್ಳು. ಬೂಟು ಕೆಸರಲ್ಲಿ ಹೋಯ್ತು, ಇದು ಯಾರದೋ. ನನಗೆ ಕಾಡು ಅಂದ್ರೆ ಭಯ. ಆ ಹುಲ್ಲು ತುಂಬಿದ ಜಾಗ್ವಾರ್ ಅಂದ್ರೂ ಭಯ. ಅದಕ್ಕೇ ಒಂದು ಕಣ್ಣು ಕಿತ್ತು ಗುಂಡಿ ಹಾಕಿದೆ, ಎರಡೂ ಕಣ್ಣಲ್ಲಿ ನೋಡೋದು ಬೇಡ ಅಂತ."

ಲುದೊವಿನಾ ಬಾಯಿಂದ ಚುಟ್ಟಾ ತೆಗೆದಳು.

"ಈಗಂತೂ ಖಂಡಿತ ಇವನು ನನ್ನ ಅಳಿಯ ಅಲ್ಲ. ಅಬ್ದಿಯಾಸ್ ತಪ್ಪು ಒಪ್ಕೊಳ್ಳೋದಾ!"

ಜನ ತಲೆಯಾಡಿಸಿದರು. ದೊಕ್ತೋರಾ ಮಾತ್ರ ಮುಂದೆ ಬಂದು ಅವನ ಬಲಗಾಲಿನ ಬೂಟನ್ನು ಹಿಡಿದೆಳೆದರು. ಒಳಗಿನಿಂದ ಕೆಸರು, ಎರಡು ಮುಳ್ಳು, ಸತ್ತ ಇರುವೆಗಳು, ಕೊನೆಗೆ ಒಂದು ಸಾಧಾರಣ ಕಾಲು ಹೊರಬಂತು. ಅದನ್ನು ತಿರುಗಿಸಿ ನೋಡಿ, ಪುಸ್ತಕ ತೆರೆದರು.

"ಅಮ್ಮಾ, ಲುಪೂನಾ ಮರ ಎಲ್ಲಿದೆ?" ಎಂದು ಲುದೊವಿನಾಳನ್ನು ಕೇಳಿದರು.

"ನನ್ನ ತೋಟದ ಬೆನ್ನಿಗೇ. ದಿನಾ ಅದರ ಬುಡದಲ್ಲೇ ಕೂತು ಊಟ ಮಾಡ್ತೀನಿ. ಯಾಕೆ?"

"ಮಾರ್ಗದರ್ಶಿ ನೀವೇ ಅಂತ ಬರೀತಾ ಇದೀನಿ. ಫಲಕಗಳನ್ನ ನೀವು ಹೇಳಿದ ಮರಕ್ಕೆ ಇವರು ಹೊಡೀಲಿ. ಸಂಗ್ರಹಾಲಯ ಇಲ್ಲೇ ಇರಲಿ. ಮುಚ್ಚಿದ್ರೆ ಆ ಜಾಗ್ವಾರನ್ನ ಮೂರು ದಿನ ದೋಣಿಯಲ್ಲಿ ಪಕ್ಕದಲ್ಲಿಟ್ಕೊಂಡು ಹೋಗ್ಬೇಕಾದೋಳು ನಾನು."

"ಪಾಲಕನ ಹುದ್ದೆ?" ಎಂದೆ ನಾನು.

"ಅಬ್ದಿಯಾಸ್ ತಪುಯಿಮಾ ಹೆಸರಲ್ಲೇ ಮುಂದುವರಿಯಲಿ."

ಅಬ್ದಿಯಾಸ್ ಏಳಲು ಹೋದ. ತೆಲೆಸ್ಫೊರೊ ಕೈ ಅಡ್ಡ ಹಿಡಿದ.

"ಕ್ಷಮಿಸ್ಬೇಕು ದೊಕ್ತೋರಾ. ಹುದ್ದೆ ಅಬ್ದಿಯಾಸನದು, ಸರಿ. ಇವನೇ ಅಬ್ದಿಯಾಸ್ ಅಂತ ಯಾರು ಹೇಳಿದ್ರು? ನಾಳೆ ನಿಜವಾದವನು ಕಾಡಿಂದ ಬಂದು ನಿಂತ್ರೆ ನಾನು ಏನು ಹೇಳಲಿ? ಮನೆಯವ್ರು ಗುರುತಿಸಿ ಸಹಿ ಮಾಡ್ಬೇಕು. ಆಮೇಲೆ ಮೊಹರು."

"ನಾನು ಮಾಡಲ್ಲ," ಎಂದಳು ಲುದೊವಿನಾ.

ಹೀಗೆ ಒಬ್ಬ ಮನುಷ್ಯನ ಕೆಲಸ, ಮನೆ, ಹೆಸರು ಎಲ್ಲವೂ ಒಂದು ಸಹಿಗೆ ಬಂದು ನಿಂತವು. ಸೊಯ್ಲಾಳನ್ನು ಕರೆತರಲು ದೋಣಿಕಟ್ಟೆಗೆ ಓಡಿದರು. ಅವಳು ಅಲ್ಲಿ ಹುವಾನೆ ಮಾರುತ್ತಿದ್ದಳು. ತಲೆಯ ಮೇಲಿನ ಬುಟ್ಟಿಯನ್ನು ಇಳಿಸದೆಯೇ ಬಂದಳು. ಎಂಟು ಮಂದಿ ಒಟ್ಟಿಗೆ ಎಂಟು ರೀತಿಯಲ್ಲಿ ವಿಷಯ ಹೇಳಿದರು. ಅವಳು ಕೇಳಿಸಿಕೊಂಡು, ಗಂಡನ ಸುತ್ತ ಒಂದು ಸುತ್ತು ಬಂದಳು. ಊದಿದ ತುಟಿ ನೋಡಿದಳು, ಒಂದು ಬೂಟಿನ ಕಾಲು ನೋಡಿದಳು, ಬರಿಗಾಲು ನೋಡಿದಳು.

"ಮದುವೆ ದಿನ ಹೇಳಿದ್ನಂತೆ?"

"ವಾರ ಸಮೇತ ಹೇಳ್ತು ಕಣೇ," ಎಂದಳು ತಾಯಿ.

"ತಾನು ಹೇಳಿದ್ದೆಲ್ಲಾ ಸುಳ್ಳು ಅಂತ ಒಪ್ಕೊಂಡ್ನಂತೆ? ಇಷ್ಟು ಜನದ ಮುಂದೆ?"

"ಹೂಂ ಕಣೇ. ಅದಕ್ಕೇ ಹೇಳ್ತಿರೋದು, ಸಹಿ ಗಿಹಿ ಹಾಕ್ಬೇಡ. ಇದು ನಿನ್ನ ಗಂಡ ಅಲ್ಲ."

ಸೊಯ್ಲಾ ಬುಟ್ಟಿಯನ್ನು ಇಳಿಸಿ ಅಬ್ದಿಯಾಸನ ಕೈಗೆ ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವಳು ಲಂಗಕ್ಕೆ ಕೈ ಒರೆಸಿಕೊಂಡು ತೆಲೆಸ್ಫೊರೊನ ಜೇಬಿನಿಂದ ತಾನೇ ಪೆನ್ನು ತೆಗೆದಳು.

"ಆ ಹಳೆಯವನು ಕಾಡಿಂದ ವಾಪಸ್ ಬಂದ್ರೆ, ಜಾಗ ಖಾಲಿ ಇಲ್ಲ ಅಂತ ಹೇಳಿ ಕಳಿಸಿಬಿಡಿ," ಎಂದಳು. "ನನಗೆ ಇವನೇ ಆಗಬಹುದು. ಎಲ್ಲಿ ಹಾಕ್ಬೇಕು ಸಹಿ?"